ಒಂಬತ್ತು ತುಂಡಿನ ಗೂಡು ಮಾರುಕಟ್ಟೆ

ಇಡೀ ಮಾರ್ಕೆಟ್ಟು ಒಂದೇ ಫೋಟೋದಲ್ಲಿ ಬರಬೇಕು ಅಂದರು ಸಾಹೇಬರು,
ಈ ಬಾಗಿಲಿನ ತೂಕದ ಯಂತ್ರದಿಂದ ಹಿಡಿದು
ಆ ಬಾಗಿಲಿನ ಟೀ ಕ್ಯಾನಿನವರೆಗೆ.
ಆಫೀಸಿನ ಗೋಡೆ ಖಾಲಿ ಇದೆಯಂತೆ, ಹನ್ನೆರಡು ಅಡಿ.

ನನ್ನ ಹಳೇ ಲೆನ್ಸಿಗೆ ಕಾಣುವುದು
ಮದುಮಗ, ಮದುಮಗಳು, ಹೆಚ್ಚೆಂದರೆ ಇಬ್ಬರು ಬೀಗರು.

ಚಿಕ್ಕಬಳ್ಳಾಪುರಕ್ಕೆ ಹೋಗಿ, ದಿನಕ್ಕೆ ಎಂಟುನೂರು ಬಾಡಿಗೆ ತೆತ್ತು
ಹದಿನಾಲ್ಕು ಎಂಎಂ ಲೆನ್ಸು ತಂದೆ.
ಕಪ್ಪೆಗಣ್ಣಿನಂತೆ ಉಬ್ಬಿದ ಗಾಜು;
ಮುಚ್ಚಳ ತೆಗೆದದ್ದೇ ತಡ
ಕಂಬ, ಜಾಲರಿ, ತಗಡಿನ ಸೂರು, ಮುನ್ನೂರು ಜನ
ಜಾರಿ ಅದರೊಳಗೆ ಬಿದ್ದರು.
ಒಂದೇ ಕ್ಲಿಕ್ಕು. ಯಾರೂ ತಪ್ಪಿಸಿಕೊಳ್ಳಲಿಲ್ಲ.

ಆದರೆ ನಟ್ಟನಡುವೆ ಕುರ್ಚಿ ಹಾಕಿಸಿಕೊಂಡು ಕೂತ ಸಾಹೇಬರು
ದೂರದ ಮೈಲಿಗಲ್ಲಿನಷ್ಟಾಗಿದ್ದರು.
ಅಂಚಿನಲ್ಲಿ ಪೊರಕೆ ಹಿಡಿದು ನಿಂತಿದ್ದ ಗಂಗುಲಮ್ಮನ ತೋಳೋ
ಎಳೆದೆಳೆದು, ಉದ್ದುದ್ದವಾಗಿ
ಚೌಕಟ್ಟಿನ ಮೂಲೆ ಮುಟ್ಟಿತ್ತು.
‘ಏನಯ್ಯಾ, ಇವಳೇನು ಮಾರ್ಕೆಟ್ಟಿನ ಯಜಮಾನಿಯೇ?’
ಗಾಜಿನ ಗುಣ ಸಾರ್, ಅಂಚಿನವರನ್ನು ಹಿಗ್ಗಿಸುತ್ತೆ, ಅಂದೆ.
ಹಾಗಾದರೆ ಬೇರೆ ಗಾಜು ತಾ, ಅಂದರು.
ಗಂಗುಲಮ್ಮ ಇಣುಕಿ ನೋಡಿದಳು, ಏನೂ ಅನ್ನಲಿಲ್ಲ.
ಸೆರಗು ಸರಿಮಾಡಿಕೊಂಡಳು,
ಫೋಟೋದಲ್ಲೂ ಸರಿಹೋಗುತ್ತದೆ ಎಂಬಂತೆ.

ಗುರುವಾರ ಮತ್ತೆ ಹೋದೆ, ಹಳೇ ಲೆನ್ಸಿನೊಂದಿಗೆ.
ಸ್ಟ್ಯಾಂಡು ನೆಟ್ಟು, ನೀರುಗುಳ್ಳೆ ನೋಡಿ ಮಟ್ಟ ಹಿಡಿದು
ಎಡದಿಂದ ಬಲಕ್ಕೆ ತುಸು ತುಸುವೇ ತಿರುಗಿಸುತ್ತ
ಒಂದರ ಮೇಲೊಂದು ಮೂರು ಬೆರಳು ಹೊದಿಸಿ
ಒಂಬತ್ತು ತುಂಡು.
ಅಲ್ಲಾಡಬೇಡಿ, ಎಂದು ಕೂಗಿದೆ.
ಯಾರು ಕೇಳುತ್ತಾರೆ? ಹರಾಜಿನ ಹೊತ್ತು.
ಗೂಡು ಸುರಿಯುವ ಸರಸರ, ಹುಳುವಿನ ಹಸಿ ವಾಸನೆ,
ಮೊಬೈಲಿನಲ್ಲಿ ರೇಟು ಒತ್ತುವ ಹೆಬ್ಬೆರಳುಗಳು.

ರಾತ್ರಿ ಕಂಪ್ಯೂಟರು ಗೊಣಗುತ್ತ ಹೊಲಿಯಿತು.
ಸಾಹೇಬರು ಸಾಹೇಬರಷ್ಟೇ ಇದ್ದರು, ಕಂಬ ಕಂಬದಷ್ಟೇ.
ಆದರೆ ದಿಬ್ಬೂರಹಳ್ಳಿಯ ಪಿಳ್ಳವೆಂಕಟಪ್ಪ ಮಾತ್ರ ಇಬ್ಬರು.
ಎರಡನೇ ತುಂಡಿನಲ್ಲಿ ಜಾಲರಿಯ ಮುಂದೆ
ಹಳದಿ ಗೂಡಿನೊಳಗೆ ಮೊಣಕೈ ತನಕ ಇಳಿದವನು;
ಎಂಟನೆಯದರಲ್ಲಿ, ಚೀಟಿ ಹಿಡಿದು, ಬರಿಗೈಯವನು.
ನಡುವೆ ಒಂದೂವರೆ ನಿಮಿಷ, ಕಿಲೋಗೆ ಹದಿನೈದು ರೂಪಾಯಿ.
ಕರೆಸಿ ತೋರಿಸಿದೆ. ಬಹಳ ಹೊತ್ತು ನೋಡಿದ.
ಎಡದವನ ಕಡೆ ಬೆರಳು ಮಾಡಿ ಅಂದ:
‘ಇವನಿಗೆ ಯಾರಾದ್ರೂ ಹೇಳಬಾರದಿತ್ತಾ,
ಇನ್ನೊಂಚೂರು ತಡಿ ಅಂತ?’

ಪ್ರಿಂಟು ಬಂದ ದಿನ ರೀಲರ್ ಖಲಂದರ್ ಸಾಬ್ ಬಂದರು.
ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು
ಹನ್ನೆರಡು ಅಡಿಯುದ್ದಕ್ಕೂ ತೋರುಬೆರಳು ಎಳೆದರು,
ಬಿಸಿನೀರಿನಲ್ಲಿ ಬೆಂದು ಬಿಳಿಚಿದ ಬೆರಳು.
‘ನಮ್ಮದೂ ಇದೇ ಕಸುಬು ಭಾಯಿ,
ಒಂದು ಗೂಡು ಮುಗಿಯೋ ಹೊತ್ತಿಗೆ ಇನ್ನೊಂದರ ಎಳೆ ಎಸೀತೀವಿ.
ಸೇರಿದ್ದು ಕಣ್ಣಿಗೆ ಕಾಣಬಾರದು.
ಬೆರಳಿಗೆ ಮಾತ್ರ ಸುಳ್ಳು ಹೇಳೋಕಾಗಲ್ಲ.’
ಆರನೇ ಕಂಬದ ಹತ್ತಿರ ಬೆರಳು ನಿಂತಿತು.

ಅಲ್ಲಿ, ಎರಡು ತುಂಡು ಕೂಡುವ ಜಾಗದಲ್ಲಿ
ನೆಲದ ಮೇಲೊಂದು ಪೊರಕೆ,
ತಾನೇ ನಿಂತಂತೆ, ಅರ್ಧ.
ಹಿಡಿದವಳು ಇಲ್ಲ.

ಸಾಹೇಬರಿಗೆ ಅದೇ ಒಪ್ಪಿಗೆಯಾಯಿತು, ಗೋಡೆಗೆ ಹತ್ತಿತು.
ಬಿಲ್ಲಿನಲ್ಲಿ ಲೆನ್ಸಿನ ಬಾಡಿಗೆ ಹೊಡೆದುಹಾಕಿದರು,
ಉಪಯೋಗಕ್ಕೆ ಬರಲಿಲ್ಲವೆಂದು.

ಆ ಇನ್ನೊಂದನ್ನು ಪೋಸ್ಟ್‌ಕಾರ್ಡಿನಷ್ಟು ಮಾಡಿ
ಗಂಗುಲಮ್ಮನಿಗೆ ಕೊಟ್ಟೆ, ಹೋದ ವಾರ.
ಗೂಡಿನ ನೂಲು ಅಂಟಿದ್ದ ಕೈ ಒರೆಸಿಕೊಂಡು ತೆಗೆದುಕೊಂಡಳು.
ಒಮ್ಮೆ ತನ್ನ ತೋಳು ನೋಡಿದಳು, ಒಮ್ಮೆ ಅದರ ತೋಳು.

‘ಇಷ್ಟುದ್ದ ಇದ್ದಿದ್ರೆ ಸಾಮಿ,
ಇಡೀ ಮಾರ್ಕೆಟ್ಟು
ಒಂದೇ ಬೀಸಿಗೆ ಗುಡಿಸಿಬಿಡ್ತಿದ್ದೆ.’